ಅಕ್ಕನ ಕೋಳಿ ಮೇವು ಬಿಟ್ಟ ವಾರ

ಒಂದು ಕೋಳಿಗೆ ಇಷ್ಟೊಂದು ರಂಪಾನಾ ಅಂತ ಕೇಳಿದವರಿಗೆಲ್ಲ ಆ ವಾರ ನಾನು ಕೊಟ್ಟ ಉತ್ತರ ಒಂದೇ: ನಿಮ್ಮಪ್ಪನ ಗಂಟೇನು ಹೋಯ್ತು? ಈಗಲೂ ಅದನ್ನೇ ಹೇಳ್ತೀನಿ. ಆದರೆ ನಾನು ಮಾಡಿದ ರಂಪವೆಲ್ಲ ನ್ಯಾಯವಾಗಿತ್ತು ಅಂದರೆ ನನ್ನ ನಾಲಿಗೆ ಬಿದ್ದುಹೋದೀತು.

ನಮ್ಮಕ್ಕ ಟೈಲರ್. ಇಪ್ಪತ್ತೆರಡು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಅದೇ ಕಾಲು ಮಿಷನ್ನು, ಅದೇ ಕಿಟಕಿ, ಗೋಡೆ ತುಂಬ ಹೊಲಿದು ತೂಗುಹಾಕಿದ ಬಟ್ಟೆ. ಭಾವ ಲಾರಿ ಓಡಿಸ್ತಾರೆ. ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ನಾನು ಗಂಡನನ್ನು ಬಿಟ್ಟು ಬಂದು ಅಕ್ಕನ ಜೊತೆಗಿದ್ದೀನಿ. ಕಾಜ ಹೊಲಿಯೋದು, ಗುಂಡಿ ಹಾಕೋದು, ಕೋಣೆ ಗುಡಿಸೋದು ನನ್ನ ಕೆಲಸ. ಜಗಳ ಆಡೋದೂ ನನ್ನ ಪಾಲಿಗೇ ಬಂದಿದೆ, ಅಕ್ಕನಿಗೆ ಬಾಯಿಲ್ಲವಲ್ಲ. ಅಳತೆ ಕೊಟ್ಟ ಮೇಲೆ ತಾವು ಊದಿಕೊಂಡು ಬಂದು 'ಬಿಗಿಯಾಗಿ ಹೊಲಿದಿದ್ದೀಯ' ಅಂತ ಗದರೋರಿಗೂ ಅವಳು 'ಕೊಡಮ್ಮ, ಸರಿ ಮಾಡ್ತೀನಿ' ಅಂತಾಳೆ. ನನಗೆ ಅಂಗಾಲಿಂದ ನೆತ್ತಿವರೆಗೂ ಉರಿಯುತ್ತೆ.

ಇಂಥ ಅಕ್ಕ ಬಾಯಿ ಬಿಡೋದು ಅವಳ ಕಂದು ಕೋಳಿಯ ಮುಂದೆ ಮಾತ್ರ. ಅದರ ಗತ್ತು ನೋಡಿ ನಾನು 'ಮೇಡಂ' ಅಂತ ಕರೀತೀನಿ. ಮಿಷನ್ ಶುರುವಾದರೆ ಮೇಡಂ ಹಿತ್ತಲಿಂದ ಬಂದು ಪೆಡಲಿನ ಪಕ್ಕ ಕೂರುತ್ತೆ. ಗಿರಾಕಿಗಳ ಮೇಲಿನ ದೂರು, ಭಾವನ ಮೇಲಿನ ಸಿಟ್ಟು ಎಲ್ಲ ಅದಕ್ಕೇ ಹೇಳ್ತಾಳೆ. ಒಡಹುಟ್ಟಿದ ನನಗಿಲ್ಲದ ಭಾಗ್ಯ!

ಸೋಮವಾರ ಮೇಡಂ ಕಾಳು ಮುಟ್ಟಲಿಲ್ಲ. ರೆಕ್ಕೆ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ ಮೂಲೆ ಹಿಡಿಯಿತು. ಅಕ್ಕ ಎತ್ತಿ ನೋಡಿದಳು. ಕತ್ತಿನ ಕೆಳಗೆ ಕಾಳು ನಿಲ್ಲೋ ಚೀಲ ನಿಂಬೆಹಣ್ಣಿನ ಹಾಗೆ ಗಟ್ಟಿಯಾಗಿತ್ತು, ಬಾಯಿಂದ ಹುಳಿ ವಾಸನೆ. ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಬಟ್ಟೆ ಹಾಸಿ ಮಲಗಿಸಿದಳು. ಗಂಟೆಗೊಮ್ಮೆ ಕೊಕ್ಕಿಗೆ ಹನಿ ಹನಿ ನೀರು ಬಿಟ್ಟು, ಬೆರಳಿಗೆ ಎಣ್ಣೆ ಹಚ್ಚಿ ಆ ಗಡ್ಡೆಯನ್ನು ಮೆಲ್ಲಗೆ ನೀವಿದಳು. ಮಾರನೇ ದಿನ ಅದಕ್ಕೆ ಕತ್ತು ಎತ್ತೋ ಶಕ್ತಿಯೂ ಉಳಿಯಲಿಲ್ಲ.

ನನಗೆ ಗೊತ್ತಿತ್ತು ಯಾರ ಕೆಲಸ ಅಂತ. ಅಂದರೆ, ಗೊತ್ತು ಅಂದುಕೊಂಡಿದ್ದೆ. ಪಕ್ಕದ ಮನೆಯ ಕಂಡಕ್ಟರು, ಕೆಲಸದಿಂದ ನಿವೃತ್ತಿಯಾಗಿ ಹಿತ್ತಲಲ್ಲಿ ಬೀನ್ಸ್ ಬೆಳೆಯೋರು. ಬೇಲಿ ಸಂದಿಯಲ್ಲಿ ನುಗ್ಗಿ ಮೇಡಂ ಪಾತಿ ಕೆದರಿದಾಗ 'ಇನ್ನೊಂದು ಸಲ ಬರಲಿ, ನೋಡ್ಕೋತೀನಿ' ಅಂದಿದ್ದರು. ಸಾಲದಾ? ಮಂಗಳವಾರ ಬೆಳಿಗ್ಗೆ ನಲ್ಲಿ ಮುಂದೆ ಬೀದಿಗೆ ಬೀದಿಯೇ ನಿಂತಿದ್ದಾಗ ನಾನು ಸೆರಗು ಬಿಗಿದೆ.

"ಮೂಕ ಪ್ರಾಣಿಗೆ ವಿಷ ಹಾಕಿದೆಯಲ್ಲಯ್ಯ, ನಿನ್ನ ಕೈ ಸೇದಿಹೋಗ!"

"ನಾನಾ?" ಅಂದರು. ಮುಖ ಕೆಂಪಗಾಯ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋದು ಇದಕ್ಕೇ ಅಂದುಕೊಂಡು ಇನ್ನೂ ನಾಲ್ಕು ಸೇರಿಸಿದೆ. ಅವರು ಖಾಲಿ ಬಕೆಟ್ ಹಿಡಿದುಕೊಂಡೇ ಒಳಗೆ ಹೋದರು.

ಬುಧವಾರ ಪ್ರಾಣಿ ಆಸ್ಪತ್ರೆ. ಕಾಂಪೌಂಡರ್ ಪೆಟ್ಟಿಗೆಯೊಳಗೆ ಇಣುಕಿ ಕಿಸಿಕಿಸಿ ನಕ್ಕ. "ಕೋಳಿಗೆ ಔಷಧಿ ಬೇಕಾ? ಅಡುಗೆಮನೆ ಚಾಕೇ ಔಷಧಿ!" ಫೋನಿನಲ್ಲಿ ಭಾವನದೂ ಅದೇ ರಾಗ: ಸಾಯೋ ಮುಂಚೆ ಕೊಯ್ದುಬಿಡಿ. ಅಲ್ಲ, ಅವರ ಬೆನ್ನು ಹಿಡ್ಕೊಂಡಾಗ ಅಕ್ಕ ಹದಿನೈದು ದಿನ ಎಣ್ಣೆ ತಿಕ್ಕಿದಳಲ್ಲ, ಆಗ ಯಾರಾದರೂ ಚಾಕು ತನ್ನಿ ಅಂದರಾ? ನಾನು ಕಾಂಪೌಂಡರ್ ಮೇಲೆ ಏರಿ ಹೋಗುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

"ಡಾಕ್ಟರು ನೋಡೋ ತನಕ ನಾನು ಏಳಲ್ಲ," ಅಂದಳು.

ನಾಯಿಗಳು ಬಂದು ಹೋದವು, ಕರು ಬಂದು ಹೋಯ್ತು. ಬಾಗಿಲು ಹಾಕೋ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು ಆ ಚೀಲ ಒತ್ತಿ ನೋಡಿದರು.

"ವಿಷ ಅಲ್ಲ. ಒಳಗೆ ಏನೋ ಸಿಕ್ಕಿಕೊಂಡಿದೆ. ಕೊಯ್ದು ತೆಗೀಬೇಕು."

ಅಕ್ಕ ಕೋಳಿಯ ಕಾಲು, ರೆಕ್ಕೆ ಅದುಮಿ ಹಿಡಿದಳು. ಮರಗಟ್ಟೋ ಔಷಧಿ ಕೊಟ್ಟು, ಸಣ್ಣದಾಗಿ ಸೀಳಿ, ಡಾಕ್ಟರಮ್ಮ ಚಿಮುಟದಲ್ಲಿ ಎಳೆದರು. ಬಂತು ನೋಡಿ. ದಾರ! ಹೆಬ್ಬೆರಳ ಗಾತ್ರದ ದಾರದ ಮುದ್ದೆ. ಶಾಲೆ ಅಂಗಿಯ ನೀಲಿ, ಪರದೆಗಳ ಹಳದಿ, ನಾನು ಕೂತು ಕಾಜ ಹೊಲಿದ ಕೋಟಿನ ಕಪ್ಪು.

ತುಂಡು ದಾರ ಹಾಕೋಕೆ ಅಕ್ಕ ಮಿಷನ್ ಪಕ್ಕ ಒಂದು ಡಬ್ಬಿ ಇಟ್ಟಿದ್ದಾಳೆ. ಮೊಟ್ಟೆ ಇಡೋ ಬುಟ್ಟಿ ಮೆತ್ತಗಿರಲಿ ಅಂತ ಆ ಡಬ್ಬಿಯನ್ನೇ ಅದಕ್ಕೆ ಸುರಿದವಳು ನಾನು. ಹುಳ ಅಂದುಕೊಂಡು ಮೇಡಂ ನುಂಗಿತ್ತು ಪಾಪ. ಅಕ್ಕ ನನ್ನ ಮುಖ ನೋಡಿದಳು. ಬೈದಿದ್ದರೆ ವಾಸಿ ಇತ್ತು.

ಮನೆಗೆ ಬಂದ ಮೇಲೆ ಅಂದಳು, "ಕಂಡಕ್ಟರ್ ಹತ್ತಿರ ಹೋಗಿ ಹೇಳು."

"ಕೋಳಿ ಹುಷಾರಾಗಲಿ, ಆಮೇಲೆ."

ಐದು ದಿನ ಅಕ್ಕ ಗಾಯ ಒರೆಸಿದಳು, ನೆನೆಸಿದ ಬ್ರೆಡ್ಡನ್ನು ಬೆರಳ ತುದಿಯಲ್ಲಿ ಕೊಕ್ಕಿಗೆ ಇಟ್ಟಳು. ಸೋಮವಾರ ಮೇಡಂ ತಾನಾಗೇ ಎದ್ದು ತಟ್ಟೆ ಕುಕ್ಕಿತು. ಅಕ್ಕ ಅತ್ತಳು. ಕಣ್ಣೊರೆಸಿಕೊಂಡು, "ಈಗ ಹೋಗು," ಅಂದಳು.

ಯಾರಿಗೂ ಕಾಣಬಾರದು ಅಂತ ಬೇಲಿ ಸಂದಿಯಲ್ಲೇ ನುಸುಳಿ ಹೋದೆ. ಕಂಡಕ್ಟರು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು.

"ಕೋಳಿ ಬದುಕಿತಾ?"

"ಬದುಕಿತು. ತಪ್ಪು ನಂದೇ, ದಾರ ನುಂಗಿತ್ತು. ಕ್ಷಮಿಸಿಬಿಡಿ," ಅಂದೆ ಮೆಲ್ಲಗೆ.

ಅವರು ಮೆಟ್ಟಿಲಿಂದ ಎದ್ದು ನಿಂತರು. "ಆರು ದಿನದಿಂದ ನಾನು ನಲ್ಲಿ ಹತ್ತಿರ ಹೋದರೆ ಹೆಂಗಸರು ತಮ್ಮ ಕೋಳಿ ಒಳಗೆ ಕೂಡಿಹಾಕ್ತಾರೆ. ನೀನು ಬೈದದ್ದು ಬೀದಿಯಲ್ಲಿ ನಿಂತು, ಕ್ಷಮೆ ಕೇಳೋದು ಹಿತ್ತಲಲ್ಲಿ ನಿಂತಾ?"

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಮನೆ ಬಾಗಿಲಿಗೆ ಬಂದು ತಪ್ಪಾಯ್ತು ಅಂದರೂ ಇನ್ನೇನು ಬೇಕಂತೆ? ಆದರೆ ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅವರ ಮನೆಯೊಳಗಿಂದಲೇ ಹಾದು ಮುಂಬಾಗಿಲಿಗೆ ಬಂದೆ. ನಲ್ಲಿ ಮುಂದೆ ಏಳೆಂಟು ಜನ. "ಕೋಳಿಗೆ ಇವರು ವಿಷ ಹಾಕಿರಲಿಲ್ಲ, ಅದು ನುಂಗಿದ್ದು ನಾನು ಸುರಿದ ದಾರ," ಅಂದೆ. ಮೂರು ಬೀದಿಗೆ ಕೇಳೋ ನನ್ನ ಗಂಟಲು ಅವತ್ತು ನನ್ನ ಕಿವಿಗೇ ಸರಿಯಾಗಿ ಕೇಳಲಿಲ್ಲ.

"ಏನಂದೆ?" ಅಂದಳೊಬ್ಬಳು, ಕೊಡ ಎತ್ತುತ್ತಾ.

ಕಂಡಕ್ಟರು ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದರು. "ಜೋರಾಗಿ ಹೇಳಮ್ಮ," ಅಂದರು. "ಅವತ್ತು ಹೇಳಿದಷ್ಟೇ ಜೋರಾಗಿ."

ಗಂಟಲು ಹರಿಯೋ ಹಾಗೆ ಕೂಗಿದೆ.