ಅವ್ವನ ಮೊದಲ ಸೇರು

"ಇವ್ಳಿಗೆ ಈ ಜನ್ಮದಲ್ಲಿ ಲೆಕ್ಕ ಹತ್ತೋದಿಲ್ಲ" ಎಂದವರು ನನ್ನ ಒಂದನೇ ತರಗತಿಯ ಮೇಷ್ಟ್ರು. ಕಲ್ಲು ಎಣಿಸು ಎಂದಾಗ ನಾನು "ಲಾಭ, ಎರಡು, ಮೂರು" ಎಂದಿದ್ದೆ. ತಿಪ್ಪಸಂದ್ರದ ನಮ್ಮ ಮನೆಯಲ್ಲಿ ಅವ್ವ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದಳು. ಶುಭವಾಗಲೆಂದು ರೂಢಿಯೇ ಹಾಗೆ. ಆದರೂ ತರಗತಿಯೆಲ್ಲ ನಕ್ಕಿತು. ನಮ್ಮವ್ವ ಹೀಗೇ ಎಣಿಸೋದು ಎಂದೆ. "ನಿಮ್ಮವ್ವನೇ ಏನಮ್ಮಾ ನಿಂಗೆ ಮೇಷ್ಟ್ರು?" ಎಂದು ಮೇಷ್ಟ್ರೂ ನಕ್ಕರು.

ಮನೆಗೆ ಬಂದು ಅಳುತ್ತಾ ಹೇಳಿದೆ. ಅಂದಿನಿಂದ ಅವ್ವ ಬಾಯಿ ಮುಚ್ಚಿಕೊಂಡೇ ರಾಗಿ ಅಳೆದಳು. ಕಾಳು ಸುರಿಯುವ ಸದ್ದಷ್ಟೇ ಕೇಳುತ್ತಿತ್ತು. ಆ ಸದ್ದು ಈಗಲೂ ನನ್ನನ್ನು ಬಿಟ್ಟಿಲ್ಲ.

ಲೆಕ್ಕದಲ್ಲಿ ಎರಡು ಸಲ ಫೇಲಾಗಿ, ಬಿದ್ದು ಎದ್ದು ಡಿಗ್ರಿಯ ಕೊನೆಯ ವರ್ಷ ಮುಟ್ಟಿದೆ. ಆ ವರ್ಷ ಚನ್ನಪಟ್ಟಣದ ಒಂದು ಶಿಶುವಿಹಾರದಲ್ಲಿ ಬಣ್ಣದ ಮರದ ಮಣಿ ಪೋಣಿಸಿ ಮಕ್ಕಳಿಗೆ ಕಲಿಸುತ್ತಿದ್ದೆ. ಎರಡು ಕೆಂಪು, ಒಂದು ಹಳದಿ, ಮತ್ತೆ ಎರಡು ಕೆಂಪು. "ಮುಂದಕ್ಕೆ ಯಾವ್ದು?" ಎಂದರೆ ಎಲ್ಲರೂ ಹಳದಿಗೆ ಮುಗಿಬೀಳುತ್ತಿದ್ದರು. ಒಂದು ದಿನ ಒಬ್ಬ ಪುಟ್ಟ ಹುಡುಗಿ ಮಣಿ ಎಣಿಸತೊಡಗಿದಳು: "ಲಾಭ, ಎರಡು..."

ನನ್ನ ತರಗತಿಯ ಆ ಹಳೆಯ ನಗು ಬೆನ್ನ ಹಿಂದೆಯೇ ನಿಂತಂತಾಯಿತು. ತಿರುಗಿ ನೋಡಿದರೆ ಯಾರೂ ನಗುತ್ತಿರಲಿಲ್ಲ.

"ಸರಿಯಾಗೇ ಐತೆ ಕಣವ್ವಾ. ಆ ಲಾಭಕ್ಕೆ ಇಸ್ಕೂಲಲ್ಲಿ ಒಂದು ಅಂತಾರೆ, ಅಷ್ಟೇಯ" ಎಂದೆ. ಅವಳು ಎಣಿಕೆ ಮುಂದುವರಿಸಿದಳು.

ನಮ್ಮ ವಂಶದಲ್ಲೇ ಮೊದಲ ಪದವಿ ಪತ್ರ. ಬಂದ ದಿನವೇ ಅವ್ವನ ಕೈಗಿಟ್ಟು, ಆ ಹುಡುಗಿಯ ಕತೆಯನ್ನೂ ಹೇಳಿದೆ. ಓದಲು ಬಾರದ ಅವ್ವ ಅಕ್ಷರಗಳ ಮೇಲೆ ಬೆರಳಾಡಿಸಿ ಮೆಲ್ಲಗೆ ಕೇಳಿದಳು: "ನಾನು ತಪ್ಪು ಯೇಳ್ಕೊಟ್ಟಿದ್ದು ಇದ್ರಲ್ಲೆಲ್ಲೂ ಬರ್ದಿಲ್ಲ ತಾನೇ, ಮಗಾ?"