ಕರಗಿಹೋದ ಐದು ಗ್ರಹಗಳು

ನನ್ನ ಸಂಶೋಧನೆಯ ಮೊದಲ ಲೇಖನ ಒಪ್ಪಿಗೆಯಾಯಿತೆಂಬ ಸುದ್ದಿ ಬಂದಾಗ ನಾನು ಬೈಲಹೊಂಗಲದ ಸಂತೆಯಲ್ಲಿ ಮೆಂತ್ಯೆಯ ಸಿವುಡು ಆರಿಸುತ್ತಿದ್ದೆ. ಫೋನಿನಲ್ಲಿ ಇಮೇಲ್ ಓದಿದೆ, ಇನ್ನೊಮ್ಮೆ ಓದಿದೆ, ಮಾರುವ ಮುದುಕಿ ಕೊಟ್ಟ ಸಿವುಡನ್ನು ನೋಡದೆ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ನಲವತ್ತು ದಾಟಿದ ಮೇಲೆ, ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಪಿಎಚ್.ಡಿ.ಗೆ ಸೇರಿದವಳು ನಾನು. ಆ ದಿನ ಖುಷಿಯಾಯಿತು. ಆ ಖುಷಿ ನಾಲ್ಕು ದಿನ ಇತ್ತು.

ನನ್ನ ಕೆಲಸವೇನೆಂದು ಕೇಳಿದವರಿಗೆ ನಾನು ಹೀಗೆ ಹೇಳುತ್ತೇನೆ. ಹೊಸದಾಗಿ ಹುಟ್ಟಿದ ನಕ್ಷತ್ರದ ಸುತ್ತ ಅನಿಲ ಮತ್ತು ದೂಳಿನ ದೊಡ್ಡ ತಟ್ಟೆಯೊಂದು ತಿರುಗುತ್ತಿರುತ್ತದೆ. ಅದು ತನ್ನದೇ ಭಾರಕ್ಕೆ ಅಲ್ಲಲ್ಲಿ ಕುಸಿದು ಗಂಟು ಕಟ್ಟಿಕೊಂಡರೆ ಆ ಗಂಟು ಮುಂದೆ ಗ್ರಹವಾಗಬಹುದು. ಅಲ್ಲಿಗೆ ಹೋಗಿ ನೋಡುವಂತಿಲ್ಲ, ಲಕ್ಷಗಟ್ಟಲೆ ವರ್ಷ ಕಾಯುವಂತಿಲ್ಲ. ಅದಕ್ಕೇ ಆ ತಟ್ಟೆಯನ್ನು ಲೆಕ್ಕದಲ್ಲಿ ಕಟ್ಟುತ್ತೇವೆ. ತಟ್ಟೆಯನ್ನೆಲ್ಲ ಸಣ್ಣ ಚೌಕಗಳಾಗಿ ಹೋಳು ಮಾಡಿ, ಒಂದೊಂದು ಚೌಕದಲ್ಲೂ ಅನಿಲ ಎಷ್ಟಿದೆ, ಯಾವ ಕಡೆ ಹೊರಟಿದೆ ಎಂದು ಕ್ಷಣಕ್ಷಣಕ್ಕೆ ಲೆಕ್ಕ ಹಾಕಿಸುತ್ತೇವೆ. ಅಷ್ಟು ಲೆಕ್ಕ ನನ್ನ ಲ್ಯಾಪ್‌ಟಾಪಿಗೆ ಆಗದ ಮಾತು. ದೂರದ ಊರಲ್ಲಿರುವ ಸೂಪರ್ ಕಂಪ್ಯೂಟರಿಗೆ ಮನೆಯಿಂದಲೇ ಕೆಲಸ ಕಳಿಸಿ, ಸರದಿಯಲ್ಲಿ ಕಾಯುತ್ತೇನೆ. ವರ್ಷಕ್ಕೆ ಇಂತಿಷ್ಟು ತಾಸು ಎಂದು ಅದರಲ್ಲಿ ನಮಗೊಂದು ಪಾಲು. ಆ ಯಂತ್ರವನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ.

ನನ್ನ ತಟ್ಟೆಯಲ್ಲಿ ಐದು ಗಂಟುಗಳು ಹುಟ್ಟಿದ್ದವು. ಕಡುನೀಲಿ ಚಿತ್ರದಲ್ಲಿ ಐದು ಹಳದಿ ಚುಕ್ಕೆ. ನನ್ನ ಮಾರ್ಗದರ್ಶಕರು ಮಿತಭಾಷಿಗಳು, ಹೊಗಳುವವರಲ್ಲ. ಅವರೂ ಆ ಚಿತ್ರ ನೋಡಿ, “ಭಾಳ ಛಲೋ ಬಂದಾವ್ರಿ” ಅಂದಿದ್ದರು.

ಸುದ್ದಿ ತಿಳಿದ ಕಾಲೇಜಿನವರು ಫೇಡೆ ಹಂಚಿ, ಮಕ್ಕಳಿಗೆ ಒಂದು ಭಾಷಣ ಮಾಡಿರೆಂದರು. ಮಾಡಿದೆ. ಕೊನೆಗೆ ಏನಾದರೂ ಕೇಳಬೇಕೇ ಎಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಎರಡನೆಯ ವರ್ಷದವಳು, ದಿನಾ ಮುರಗೋಡದಿಂದ ಬಸ್ಸಿಗೆ ಬರುವವಳು. ತಂದೆ ಲಾರಿ ಓಡಿಸುತ್ತಿದ್ದರು.

“ಮೇಡಂ, ಆ ಚೌಕ ಇನ್ನೂ ಸಣ್ಣು ಮಾಡಿದ್ರೂ ಈ ಐದು ಗಂಟ ಹಿಂಗ ಇರತಾವೇನ್ರಿ?”

“ಇರತಾವ,” ಅಂದೆ.

ತಡವರಿಸದೆ ಅಂದೆ. ಅವಳು ಕೂತಳು, ಎಲ್ಲರೂ ಚಪ್ಪಾಳೆ ಹೊಡೆದರು. ಆದರೆ ನಾನು ಅದನ್ನು ನೋಡಿರಲೇ ಇಲ್ಲ. ಚೌಕ ದೊಡ್ಡದಾದರೆ ಇಲ್ಲದ ಗಂಟುಗಳು ಹುಟ್ಟಿಕೊಳ್ಳಬಹುದೆಂಬುದು ನಮ್ಮ ವಿಷಯದವರಿಗೆಲ್ಲ ಗೊತ್ತಿರುವ ಸಂಗತಿ. ನನಗೂ ಗೊತ್ತಿತ್ತು. ಶುರುವಿನಲ್ಲಿ ಲೆಕ್ಕ ಹಾಕಿ, ಸಾಕಷ್ಟು ಸಣ್ಣದಿದೆ ಎಂದುಕೊಂಡು ಮುಂದೆ ಹೋಗಿದ್ದೆ. ಆಮೇಲೆ ಅನಿಲ ತಣ್ಣಗಾಗುವ ಬಗೆಯನ್ನು ಬದಲಿಸಿದ್ದೆ. ತಣ್ಣಗಾದಷ್ಟೂ ಚೌಕ ಇನ್ನೂ ಸಣ್ಣದಿರಬೇಕು. ಆ ಲೆಕ್ಕವನ್ನು ಮತ್ತೆ ಹಾಕಿದ್ದೆನೋ ಇಲ್ಲವೋ?

ಮನೆಗೆ ಬಂದವಳೇ ಹಳೆಯ ಕಡತ ತೆಗೆದು ಕೂತೆ. ಹಾಕಿರಲಿಲ್ಲ. ಗಂಟು ಹುಟ್ಟುವ ಜಾಗದಲ್ಲಿ ಬೇಕಾದುದಕ್ಕಿಂತ ಚೌಕ ದುಪ್ಪಟ್ಟು ದೊಡ್ಡದಿತ್ತು. ಅಪ್ಪ ಬಾಗಿಲಲ್ಲಿ ನಿಂತು ಚಹಾ ಆರುತ್ತಿದೆ ಅಂದ. ಹೂಂ ಅಂದೆ. ಚಹಾ ಆರಿ ಕೆನೆಗಟ್ಟಿತು.

ಮರುದಿನ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಸೋಮವಾರ ಕಡೀ ಪ್ರತಿ ಕಳಸಬೇಕು, ನೆನಪೈತಲ್ಲ?”

“ಐತ್ರಿ ಸರ್. ಅದಕ್ಕ ಹೆದರಿಕಿ.”

“ಯಂತ್ರದೊಳಗ ನಮ್ಮ ಪಾಲಿನ ತಾಸು ಎಷ್ಟ ಉಳದಾವ?”

“ಒಂದ ಸರತಿ ಓಡಸೂವಷ್ಟು.”

“ಓಡಸ್ರಿ. ಆದ್ರ ಪರೀಕ್ಷಕರೆಲ್ಲಾ ಒಪ್ಯಾರ. ನೀವು ಈಗ ಎಲ್ಲಾ ಕೆದರಾಕ ಹೋಗಬ್ಯಾಡ್ರಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಷ್ಟೇ ಅವರೂ ಅಂಜಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಒಂದೇ ಸರತಿ ಎಂದರೆ ಒಂದು ಅಕ್ಷರ ತಪ್ಪಿದರೂ ಮುಗಿಯಿತು. ಚೌಕವನ್ನು ಅರ್ಧಕ್ಕಿಂತ ಸಣ್ಣದು ಮಾಡಿ, ಎರಡು ದಿನ ಪ್ರೋಗ್ರಾಮಿನ ಒಂದೊಂದೇ ಸಾಲು ಬೆರಳಿಟ್ಟು ಓದಿದೆ. ಅಡುಗೆ ಮಾಡುವಾಗ ಯಾವುದೋ ಅಂಕಿ ನೆನಪಾಗಿ ಒಲೆ ಆರಿಸಿ ಓಡಿಬಂದು ನೋಡುತ್ತಿದ್ದೆ. ಸರಿಯಾಗಿಯೇ ಇರುತ್ತಿತ್ತು. ಮತ್ತೆ ಒಲೆ ಹಚ್ಚುವಷ್ಟರಲ್ಲಿ ಇನ್ನೊಂದು ಅನುಮಾನ. ಶುಕ್ರವಾರ ಬೆಳಿಗ್ಗೆ ಕೆಲಸ ಕಳಿಸಿದೆ. ಸರದಿಯಲ್ಲಿ ನನ್ನ ಮುಂದೆ ಹದಿನೇಳು ಜನ. ಪಾಠದ ನಡುವೆ ಹಲಗೆಯ ಕಡೆ ತಿರುಗಿ ಫೋನ್ ನೋಡುತ್ತಿದ್ದೆ. ಹದಿನೇಳು ಹದಿನಾರಾಗಲಿಲ್ಲ, ಇಪ್ಪತ್ತಾಯಿತು. ನನಗಿಂತ ಅರ್ಜೆಂಟ್ ಇದ್ದವರು ಮುಂದೆ ಬಂದು ನಿಂತಿದ್ದರು. ಶನಿವಾರ ಮಧ್ಯಾಹ್ನ ಕೊನೆಗೂ ಓಡತೊಡಗಿತು.

ರವಿವಾರ ಚಚಡಿ ಎಂಬ ಹಳ್ಳಿಯಲ್ಲಿ ನನ್ನ ಸೋದರತ್ತೆಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಹೋಗದಿದ್ದರೆ ನಡೆಯುವುದಿಲ್ಲ. ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಫೋನನ್ನು ಎದೆಗವಚಿಕೊಂಡಿದ್ದೆ. ಅತ್ತೆಯ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಹೆಂಗಸರು ತೊಟ್ಟಿಲಿಗೆ ಹೂವು ಕಟ್ಟುತ್ತ ಹಾಡುತ್ತಿದ್ದರು, ನಾನು ಫೋನ್ ಎತ್ತಿ ಹಿಡಿದು ಅಂಗಳವೆಲ್ಲ ಸುತ್ತುತ್ತಿದ್ದೆ. “ವಾಡೇದ ಮ್ಯಾಲ ಹತ್ತಿದ್ರ ಸಿಗತದ” ಅಂದಳು ಅತ್ತೆ. ವಾಡೆಯೆಂದರೆ ಊರ ದೇಸಾಯರ ಹಳೆಯ ದೊಡ್ಡ ಮನೆ; ಅದರ ಕಲ್ಲಿನ ಮೆಟ್ಟಿಲು ಹತ್ತಿ ನಿಂತೆ. ಸುತ್ತ ಕಬ್ಬು, ಜೋಳ, ಬಿಸಿಲು. ಎರಡು ಗೆರೆ ಸಿಗ್ನಲ್ ಬಂತು.

ಓಟ ಇನ್ನೂ ನಡೆದಿತ್ತು, ಅಲ್ಲಿಯವರೆಗಿನ ಚಿತ್ರಗಳು ಒಂದೊಂದಾಗಿ ಫೋನಿಗೆ ಇಳಿದವು. ಮೊದಲನೆಯದರಲ್ಲಿ ತಟ್ಟೆಯ ಸುರುಳಿಗಳು ಗಟ್ಟಿಯಾಗುತ್ತಿದ್ದವು. ಎರಡನೆಯದರಲ್ಲಿ ಐದು ಕಡೆ ಹಳದಿ. ನಾನು ಉಸಿರು ಬಿಟ್ಟೆ. ಮೂರನೆಯದು ಅರ್ಧಕ್ಕೆ ನಿಂತು, ಬಹಳ ಹೊತ್ತಿನ ಮೇಲೆ ಪೂರ್ತಿ ತೆರೆಯಿತು. ಅದರಲ್ಲಿ ಎರಡು ಚುಕ್ಕೆಗಳು ಉದ್ದಕ್ಕೆ ಎಳೆದ ಹಿಟ್ಟಿನಂತೆ ತೆಳ್ಳಗಾಗಿದ್ದವು. ನಾಲ್ಕನೆಯದು ಬರಲೇ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಅಪ್ಪ ನನ್ನನ್ನು ಹುಡುಕಿಕೊಂಡು ಬಂದ. ನಮ್ಮದು ಪೂಜಾರಿಕೆಯ ಮನೆತನ. ಆದರೆ ಅಪ್ಪ ನವಿಲುತೀರ್ಥದ ಡ್ಯಾಮಿನಲ್ಲಿ ನೌಕರಿ ಮಾಡಿದವನು. ದಿನಾ ಬೆಳಿಗ್ಗೆ ನೀರಿನ ಮಟ್ಟ ನೋಡಿ ಬರೆಯುವುದು ಅವನ ಕೆಲಸವಾಗಿತ್ತು.

“ಒಂದ ವಾರ ಆತು, ಊಟಾ ಸರಿ ಮಾಡವಲ್ಲಿ. ಏನಾಗ್ಯದ ಹೇಳು,” ಅಂದ.

ಹೇಳಿದೆ. ನಾನು ಕಂಡ ಗ್ರಹಗಳು ಇಲ್ಲವೇ ಇಲ್ಲ ಅನ್ನಿಸುತ್ತಿದೆ, ನಾಳೆ ಆ ಲೇಖನ ಅಚ್ಚಿಗೆ ಹೋಗುತ್ತದೆ, ಹುಡುಗಿಯೊಬ್ಬಳಿಗೆ ಸುಳ್ಳು ಹೇಳಿದೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡ.

“ನಾನೂ ಒಂದಿನ ನೀರ ನೋಡಲಾರದ ಬರದಿದ್ದೆ. ಜಡಿಮಳಿ, ಮೆಟ್ಟಲಾ ಜಾರತಿದ್ದವು. ಹಿಂದಿನ ದಿನದ ಅಂಕಿ ಮ್ಯಾಲ ಅಂದಾಜಿಲೆ ಎರಡ ಫೂಟ ಹೆಚ್ಚ ಹಾಕಿ ಕೊಟ್ಟೆ. ಸಾಹೇಬರು ಅದನ್ನ ನೋಡಿ ಗೇಟ ತಗಿಯೋ ಮಾತ ಆಡ್ಲಿಕ್ಕೆ ಹತ್ತಿದ್ರು.”

“ಹೇಳಿದ್ಯಾ?”

“ಹೇಳಿದೆ. ಬೈದ್ರು.”

“ಹೇಳಿದ ಮ್ಯಾಲೆ ಹಗರ ಆತೇನು?”

“ಎಲ್ಲೀದ ಹಗರ? ಇನ್ನೂ ಎಂಟ ದಿನಾ ಊಟಾ ಸೇರಲಿಲ್ಲ.” ಅವನು ಎದ್ದು ನಿಂತ. “ಬಾ, ಕೆಳಗ ಕೂಸಿನ ಹೆಸರಿಡ್ಲಿಕ್ಕೆ ಕಾಯಲಿಕ್ಕೆ ಹತ್ಯಾರ.”

ಸೋಮವಾರ ಬೆಳಿಗ್ಗೆ ಓಟ ಮುಗಿದಿತ್ತು. ಮನೆಯಲ್ಲಿ ಕೂತು ಕೊನೆಯ ಚಿತ್ರ ತೆರೆದೆ. ಅಂಚಿನಲ್ಲಿ ಒಂದು ಗಂಟು ಮಾತ್ರ ಮಬ್ಬಾಗಿ ಉಳಿದಿತ್ತು. ಅದಕ್ಕಾದರೂ ಜೀವವಿದೆಯೇ ಎಂದು ಲೆಕ್ಕ ಹಾಕಿದೆ. ಅದೂ ಬಿಚ್ಚಿಕೊಳ್ಳುತ್ತಿತ್ತು. ಐದಕ್ಕೆ ಐದೂ ಚೌಕಗಳು ಹುಟ್ಟಿಸಿದ ಭ್ರಮೆ. ಮಾರ್ಗದರ್ಶಕರಿಗೆ ಹಳೆಯದು, ಹೊಸದು ಎರಡೂ ಚಿತ್ರ ಕಳಿಸಿ, “ಈ ಲೇಖನ ಹಿಂದಕ್ಕ ತಗೋಬೇಕ್ರಿ ಸರ್. ನೀವು ಬ್ಯಾಡ ಅಂದ್ರ ನನ್ನ ಹೆಸರ ತಗೀರಿ” ಎಂದು ಬರೆದೆ. ಕಳಿಸಿದ ಕೂಡಲೇ ಆ ಎರಡನೆಯ ಸಾಲು ಬರೆಯಬಾರದಿತ್ತು ಅನ್ನಿಸಿತು.

ಹನ್ನೊಂದಾಯಿತು, ಒಂದಾಯಿತು. ಉತ್ತರವಿಲ್ಲ. ಕಾಲೇಜಿಗೆ ರಜೆ ಹಾಕಿದ್ದೆ. ಮೂರಕ್ಕೆ ಅವರ ಫೋನ್ ಬಂತು.

“ಮುಂಜಾನಿಂದ ನಾನೂ ಲೆಕ್ಕಾ ಹಾಕಿದೆ. ನಿಮ್ಮದ ಖರೆ ಐತಿ. ಇದನ್ನ ನಾ ನೋಡಬೇಕಾಗಿತ್ತು.” ಆಮೇಲೆ ಮೆಲ್ಲಗೆ, “ಹಿಂದಕ್ಕ ತಗೊಂಡ ಪತ್ರ ಕಳಸೇನಿ. ಇಬ್ಬರ ಹೆಸರಲೆ” ಅಂದರು.

ಅದರಿಂದ ಆದದ್ದು ಸಣ್ಣದಲ್ಲ. ಪಿಎಚ್.ಡಿ. ಎರಡು ವರ್ಷ ಹಿಂದೆ ಬಿತ್ತು. ಯಂತ್ರದ ಸಮಯಕ್ಕೆ ಮತ್ತೆ ಹಾಕಿದ ಅರ್ಜಿ ಮೊದಲ ಸಲ ತಿರುಗಿ ಬಂತು. ಫೇಡೆ ತಿಂದ ಸಹೋದ್ಯೋಗಿಗಳು ಲೇಖನ ಎಲ್ಲಿ ಎಂದು ಕೇಳಿದರು. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕಾಯಿತು, ಪ್ರತಿ ಸಲವೂ ಮುಖ ಬಿಸಿಯಾಯಿತು. ಎರಡನೆಯ ವರ್ಷದವರ ತರಗತಿಯಲ್ಲಿ ನಾನೇ ಎರಡೂ ಚಿತ್ರ ಹಾಕಿ, ಅವತ್ತು ತಪ್ಪು ಹೇಳಿದ್ದೆ ಎಂದೆ. ಆ ಹುಡುಗಿಗೆ ಗೆದ್ದ ಸಂಭ್ರಮವೇನೂ ಇರಲಿಲ್ಲ, ಗಾಬರಿಯೇ ಆಗಿತ್ತು. “ಹಂಗಾರ ಗ್ರಹ ಹೆಂಗ ಹುಟ್ಟತಾವ್ರಿ ಮೇಡಂ?” ಅಂದಳು. ಅನಿಲ ಕುಸಿದು ಹುಟ್ಟುತ್ತವೆಂಬುದು ಒಂದು ವಿಚಾರ, ದೂಳಿನ ಕಣಗಳು ಅಂಟಿಕೊಂಡು ಬೆಳೆಯುತ್ತವೆಂಬುದು ಇನ್ನೊಂದು, ನನ್ನ ತಟ್ಟೆಯಲ್ಲಿ ಯಾವುದು ನಡೆಯುತ್ತದೋ ನನಗಿನ್ನೂ ಗೊತ್ತಿಲ್ಲ ಅಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆ ತಟ್ಟೆಯಲ್ಲಿ ಗ್ರಹ ಯಾಕೆ ಹುಟ್ಟುವುದಿಲ್ಲ ಎಂಬುದರ ಮೇಲೆಯೇ ಕೊನೆಗೆ ನನ್ನ ಲೇಖನ ಬಂತು. ಪುಟಗಳು ಕಡಿಮೆ, ಓದಿದವರೂ ಕಡಿಮೆ. ಹೋದ ವರ್ಷ ಪದವಿಯೂ ಸಿಕ್ಕಿತು. ಅಂಜಿಕೆ ಮಾತ್ರ ಹೋಗಿಲ್ಲ. ಈಗಲೂ ಪರದೆಯ ಮೇಲೆ ಚಂದದ ಚಿತ್ರ ಮೂಡಿತೆಂದರೆ ನಾನು ಮೊದಲು ಕಡತ ತೆಗೆದು ಚೌಕದ ಲೆಕ್ಕವನ್ನು ಮತ್ತೆ ಹಾಕುತ್ತೇನೆ. ಅನಿಲದ ಜೊತೆ ದೂಳಿನ ಕಣಗಳನ್ನೂ ಸೇರಿಸಿದ ಹೊಸ ಲೆಕ್ಕವನ್ನು ಮೊನ್ನೆ ಕಳಿಸಿದ್ದೇನೆ. ನಾಳೆ ಬೆಳಿಗ್ಗೆ ಅದರ ಸರದಿ ಬರಬಹುದು. ನಾಳೆಯೇ ನನಗೆ ಕಿತ್ತೂರಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ. ಮೂರು ತಾಸು ಫೋನನ್ನು ಕೋಣೆಯ ಹೊರಗೆ ಕೊಟ್ಟು ಒಳಗೆ ಹೋಗಬೇಕು.