ಜೋಳದ ಹಿಟ್ಟಿನ ಸುದ್ದಿ

ನಾನೇ ಬರೆದ ಸುಳ್ಳೊಂದು ಮೂರನೇ ದಿನಕ್ಕೆ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಂತು. ಓನರ್ ಜಯಮ್ಮನವರು ಮೊಬೈಲು ಹಿಡಿದು ನಿಂತಿದ್ದರು. “ಮೇಷ್ಟ್ರೆ, ಆ ರೊಟ್ಟಿ ಅಂಗಡಿಗೆ ಓಗ್ಬೇಡಿ. ನಮ್ ಅಬ್ಬಿಗೆರೇಲೇ ಜೋಳಕ್ಕೆ ಸುಣ್ಣದ ಪುಡಿ ಬೆರೆಸ್ತಾವ್ರಂತೆ.”

ಬಾಗಲಕೋಟೆಯಿಂದ ಬೆಂಗಳೂರಿನ ಈ ಅಬ್ಬಿಗೆರೆಗೆ ಬಂದು ಎಂಟು ತಿಂಗಳಾಯಿತು. ಯಲಹಂಕದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುತ್ತೇನೆ. ಊರಿನಲ್ಲಿ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ಹಸಿವಾಗುತ್ತಿತ್ತು. ಇಲ್ಲಿ ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಜಯಮ್ಮನವರು ಕಲಿಸಿದ್ದಾರೆ, ನನಗಿನ್ನೂ ಅದು ಗಂಟಲಲ್ಲೇ ನಿಲ್ಲುತ್ತದೆ. ನನ್ನನ್ನು ಬದುಕಿಸಿದ್ದು ನಮ್ಮ ಕಡೆಯ ಶಾಂತವ್ವನ ರೊಟ್ಟಿ ಅಂಗಡಿ. ಗಂಡನ ಕಾರ್ಖಾನೆ ಕೆಲಸ ಹೋದ ಮೇಲೆ ಅವರ ಮನೆ ನಡೆಯುವುದೂ ಅದರಿಂದಲೇ. ಇಷ್ಟು ದೊಡ್ಡ ಊರಿನಲ್ಲಿ ನನ್ನನ್ನು ‘ತಮ್ಮಾ’ ಎನ್ನುವವರು ಆಕೆಯೊಬ್ಬರೇ.

ಆ ವಾರ ತರಗತಿಯಲ್ಲಿ ಮಾಧ್ಯಮದ ಪ್ರಭಾವದ ಪಾಠವಿತ್ತು. ಸುದ್ದಿ ಗುಂಡಿನಂತೆ ನೇರವಾಗಿ ಎಲ್ಲರಿಗೂ ತಗಲುತ್ತದೆ ಎಂದು ಹಿಂದಿನವರು ತಿಳಿದಿದ್ದರು. ಅದು ಮೊದಲು ನಾವು ನಂಬುವ ನಾಲ್ಕು ಜನರನ್ನು ಮುಟ್ಟಿ, ಅವರ ಬಾಯಿಂದ ನಮಗೆ ಬರುತ್ತದೆ ಎಂದು ಆಮೇಲಿನವರು ಹೇಳಿದರು. “ಈಗ್ಯಾರ್ ಸಾರ್ ಯಾರೋ ಹೇಳಿದ್ದನ್ನೆಲ್ಲ ನಂಬ್ತಾರೆ?” ಎಂದ ಒಬ್ಬ ವಿದ್ಯಾರ್ಥಿ. ಪ್ರಯೋಗ ಮಾಡಿ ತೋರಿಸುವ ಹುರುಪು ಬಂತು ನನಗೆ. ಬೆಂಗಳೂರಿನಲ್ಲಿ ಮಾರುವ ಜೋಳದ ಹಿಟ್ಟಿಗೆ ಸುಣ್ಣದ ಪುಡಿ ಬೆರೆಸುತ್ತಾರೆಂದು ಬರೆದು, ಸುಳ್ಳೆಂದು ತಿಳಿಸದೆ ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಇಲ್ಲಿ ಜೋಳದ ಗೊಡವೆ ಯಾರಿಗೂ ಇಲ್ಲ, ಯಾರಿಗೇನು ನಷ್ಟ ಎಂದುಕೊಂಡೆ. ಶಾಂತವ್ವ ನೆನಪಾಗಲೇ ಇಲ್ಲ. ಗ್ರೂಪಿನಿಂದ ಅದು ಹೊರಗೆ ಹೋಯಿತು, ದಾರಿಯಲ್ಲಿ ಯಾರೋ ಅಬ್ಬಿಗೆರೆಯ ಹೆಸರನ್ನೂ ಸೇರಿಸಿದರು.

“ಅದು ನಾನು ಪಾಠಕ್ಕಾಗಿ ಬರೆದ ಸುಳ್ಳು, ಅಮ್ಮಾ” ಎಂದೆ. ಬಾಗಿಲಲ್ಲಿ ನಿಂತಿದ್ದ ಜಯಮ್ಮನವರು ನಕ್ಕುಬಿಟ್ಟರು. “ನಿಮ್ ಕಡೆಯೋರು ಅಂತ ಬಿಟ್ಕೊಡ್ತಿಲ್ಲ ನೀವು. ಇದು ನಮ್ಮಣ್ಣನ ಮಗ ಕಳ್ಸಿರೋದು. ಅವ್ನ್ಯಾಕೆ ಸುಳ್ಳು ಏಳ್ತಾನೆ?”

ಅದು ಸುಳ್ಳೆಂದು ಗ್ರೂಪಿನಲ್ಲಿ ಬರೆದೆ. ಇದನ್ನೂ ಎಲ್ಲರಿಗೂ ಕಳಿಸಿ ಎಂದು ವಿದ್ಯಾರ್ಥಿಗಳನ್ನು ಬೇಡಿಕೊಂಡೆ. ಆ ತಿದ್ದುಪಡಿ ಮಾತ್ರ ಯಾವ ಬಾಗಿಲಿಗೂ ಬರಲಿಲ್ಲ. ಪಾಠ ಮಾಡುವವನಿಗೇ ಪಾಠ ಗೊತ್ತಿರಲಿಲ್ಲ.

ವಾರದ ಕೊನೆಗೆ ಧೈರ್ಯ ಮಾಡಿ ಅಂಗಡಿಗೆ ಹೋದೆ. ರೊಟ್ಟಿಯ ಬುಟ್ಟಿ ತುಂಬಿಯೇ ಇತ್ತು. “ಮಂದೀನ ಬರವಲ್ರು ತಮ್ಮಾ” ಎಂದರು ಶಾಂತವ್ವ. “ಈ ತಿಂಗಳಿಗೆ ಅಂಗಡಿ ಬಿಡೂದ ಆಗ್ತೈತಿ ಅಂತಾರ ನಮ್ಮನಿಯವ್ರು. ನೀ ಕಲಿತಾಂವ, ಇದನ್ನ ಯಾರ್ ಬರದಾರ ಹುಡುಕಿ ಹೇಳಪಾ.”

ಸುಮ್ಮನಿದ್ದರೆ ಆಕೆಗೆ ಎಂದೂ ತಿಳಿಯುತ್ತಿರಲಿಲ್ಲ. ಹಾಗೆ ಸುಮ್ಮನಿರುವ ಆಸೆಯೂ ಆಯಿತು, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

“ನಾನ ಬರದೀನ್ರಿ ಅಕ್ಕಾರ” ಎಂದೆ. ಏಕೆ, ಹೇಗೆ ಎಂದು ಎಲ್ಲವನ್ನೂ ಹೇಳಿದೆ.

ಆಕೆ ಬೈಯಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿ, ಈ ಊರಿನ ಗಿರಾಕಿಗಳೊಡನೆ ಮಾತಾಡುವ ಹಾಗೆ ಕೇಳಿದರು:

“ಪಾರ್ಸಲ್ಲಾ ಸಾರ್, ಇಲ್ಲೇ ತಿಂತೀರಾ?”